ಸ್ಕ್ಯಾನ್ ಮಾಡೋಕೆ ಯಾರಾದ್ರೂ ಸಾಕು ಅಂದ್ರಲ್ಲ, ಅವರಿಗೆ

ಮಧ್ಯಾಹ್ನ ಸ್ಕೂಲಿಂದ ಬಂದಾಗಿಂದ ತಲೆ ಕೆಟ್ಟೋಗಿದೆ. ಬರೆದು ಹಾಕದಿದ್ರೆ ನಿದ್ದೆ ಬರಲ್ಲ, ಅದಕ್ಕೆ ಬರೀತಿದೀನಿ. ಉದ್ದ ಆಗುತ್ತೆ, ಪುರುಸೊತ್ತಿದ್ದವರು ಓದಿ.

ಇಲ್ಲಿ ಅಮೆರಿಕದ ಟೆಕ್ಸಾಸಲ್ಲಿ ನಾನು ವಾಲಂಟಿಯರ್ ಆಗಿ ಹೋಗೋ ಎಲಿಮೆಂಟರಿ ಸ್ಕೂಲಿನ ಲೈಬ್ರರಿ ಮೇಡಂ ಬಗ್ಗೆ ಇಲ್ಲಿ ಮೊದಲೂ ಬರೆದಿದೀನಿ, ಸುಮಾರು ಜನಕ್ಕೆ ನೆನಪಿರಬೇಕು. ನಮ್ಮ ಚಿಕ್ಕವಳು ಓದಿದ್ದೂ ಅಲ್ಲೇ. ಅಲ್ಲಿ ಹೆಚ್ಚಿನ ಮಕ್ಕಳು ಲ್ಯಾಟಿನೋ, ಮೆಕ್ಸಿಕೊ, ಹೊಂಡುರಾಸ್, ಗ್ವಾಟೆಮಾಲಾ, ಎಲ್ ಸಾಲ್ವಡಾರ್ ಕಡೆಯಿಂದ ಬಂದವರು, ಮತ್ತೆ ಟೆಕ್ಸಾಸಲ್ಲೇ ನಾಲ್ಕೈದು ತಲೆಮಾರಿಂದ ಇರೋರು. ಆ ಮೇಡಂ ಇವತ್ತು ರಿಟೈರ್ ಆದ್ರು. ಮೂವತ್ತು ವರ್ಷಕ್ಕೂ ಮೇಲೆ ಅದೇ ರೂಮು, ಅದೇ ಕಪಾಟು, ಅದೇ ಮಕ್ಕಳ ಮಕ್ಕಳು. ಈಗ ಓದ್ತಿರೋ ಹುಡುಗರ ಅಪ್ಪ ಅಮ್ಮಂದಿರೇ ಆಕೆ ಹತ್ರ ಪುಸ್ತಕ ತಗೊಂಡು ಹೋಗಿದ್ದವರು.

ಕೇಕ್ ತಂದಿದ್ರು, ಹೂವು ಕೊಟ್ರು, ಸ್ಕೂಲ್ ಡಿಸ್ಟ್ರಿಕ್ಟ್ (ಇಲ್ಲಿನ ಸರ್ಕಾರಿ ಶಾಲೆಗಳನ್ನ ನಡೆಸೋ ಸಂಸ್ಥೆ) ಆಫೀಸಿಂದ ಒಬ್ಬರು ಬಂದು ಲೈಬ್ರರಿ ಎಷ್ಟು ನೀಟಾಗಿ ಇಟ್ಟಿದ್ರಿ ಅಂತ ಹೊಗಳಿದ್ರು. ನೀಟಾಗಿ! ಇರಲಿ, ಅದೂ ಒಂದು ಹೊಗಳಿಕೆ ಅಂತ ಸುಮ್ಮನಿದ್ದೆ. ಆಮೇಲೆ ಒಬ್ಬ ತಾಯಿ, ಮುಂದಿನ ವರ್ಷಕ್ಕೆ ಯಾರು ಬರ್ತಾರೆ ಅಂತ ಕೇಳಿದ್ರು. ಅದಕ್ಕೆ ಆ ಆಫೀಸಿನವರು, ಆ ಪೋಸ್ಟ್ ತುಂಬಲ್ಲ, ಗಂಟೆ ಲೆಕ್ಕದ ಮೇಲೆ ಒಬ್ಬ ಸಹಾಯಕಿ ವಾರದಲ್ಲಿ ಕೆಲವು ದಿನ ಬರ್ತಾರೆ, ಬಜೆಟ್ ಇಲ್ಲ ನೋಡಿ, ಅಷ್ಟಕ್ಕೂ ಪುಸ್ತಕ ಸ್ಕ್ಯಾನ್ ಮಾಡೋಕೆ ಯಾರಾದ್ರೂ ಸಾಕಲ್ವಾ ಅಂದ್ರು. ಮೇಡಂ ಅಲ್ಲೇ ಎರಡು ಹೆಜ್ಜೆ ದೂರದಲ್ಲಿ ಪೇಪರ್ ಪ್ಲೇಟ್ ಹಿಡ್ಕೊಂಡು ನಿಂತಿದ್ರು. ಕೇಳಿಸ್ತು ಅವರಿಗೆ. ಮುಖ ನೋಡೋಕಾಗಲಿಲ್ಲ ನನಗೆ.

ಸ್ಕ್ಯಾನ್ ಮಾಡೋಕೆ ಯಾರಾದ್ರೂ ಸಾಕು. ಆ ಮಾತು ಇನ್ನೂ ಕಿವೀಲೇ ಇದೆ. ಒಲೆ ಹಚ್ಚೋಕೆ ಯಾರಾದ್ರೂ ಸಾಕು ಅಂತ ಅಡುಗೆಯವರನ್ನೇ ಮನೆಗೆ ಕಳಿಸಿದ ಹಾಗಾಯ್ತು ಇದು.

ಆಕೆ ಏನು ಮಾಡ್ತಿದ್ರು ಅಂತ ನಾನು ಕಣ್ಣಾರೆ ನೋಡಿದ್ದನ್ನ ಒಂದು ಹೇಳ್ತೀನಿ. ಹೋದ ವರ್ಷ ಮೂರನೇ ಕ್ಲಾಸಿಗೆ ವರ್ಷದ ಮಧ್ಯದಲ್ಲಿ ಒಬ್ಬ ಹುಡುಗ ಸೇರಿದ. ಗ್ವಾಟೆಮಾಲಾದವನು. ಇಂಗ್ಲಿಷಲ್ಲಿ ಮಾತಾಡಿಸಿದ್ರೆ ಮಾತಿಲ್ಲ. ಸ್ಪ್ಯಾನಿಶ್ ಬರೋ ಟೀಚರ್ ಸ್ಪ್ಯಾನಿಶಲ್ಲಿ ಮಾತಾಡಿಸಿದ್ರು, ಆಗಲೂ ಒಂದೆರಡು ಪದ, ಅಷ್ಟೇ. ಕಲಿಕೆ ತೊಂದರೆ ಇರಬಹುದು, ಟೆಸ್ಟ್ ಮಾಡಿಸೋಣ ಅಂತ ಮಾತು ಶುರುವಾಗಿತ್ತು. ಅವನ ಕ್ಲಾಸು ಲೈಬ್ರರಿಗೆ ಬಂದ ದಿನ ನಾನೂ ಇದ್ದೆ. ಮೇಡಂ ಅವನ ಪಕ್ಕ ನೆಲದ ಮೇಲೆ ಕೂತು, ನಿಮ್ಮನೇಲಿ ಅಮ್ಮ ಯಾವ ಮಾತಾಡ್ತಾರೆ ಅಂತ ಸ್ಪ್ಯಾನಿಶಲ್ಲಿ ನಿಧಾನವಾಗಿ ಕೇಳಿದ್ರು. ಹುಡುಗ ತುಂಬಾ ಹೊತ್ತು ಸುಮ್ಮನಿದ್ದು, ಮೆಲ್ಲಗೆ, ಕಿಚೆ ಅಂದ. ಗ್ವಾಟೆಮಾಲಾದಲ್ಲಿ ಮೂಲನಿವಾಸಿಗಳ ಇಪ್ಪತ್ತಕ್ಕೂ ಹೆಚ್ಚು ಮಾಯನ್ ಭಾಷೆಗಳಿವೆ, ಕಿಚೆ ಅದರಲ್ಲಿ ದೊಡ್ಡದು, ಲಕ್ಷಾಂತರ ಜನ ಆಡೋ ಭಾಷೆ. ಆ ಹುಡುಗನಿಗೆ ಸ್ಪ್ಯಾನಿಶೂ ಪರಭಾಷೆನೇ! ಅಷ್ಟು ದಿನ ಯಾರಿಗೂ ಅದು ಹೊಳೆದಿರಲಿಲ್ಲ, ಯಾಕಂದ್ರೆ ಫಾರಂನಲ್ಲಿ ಸ್ಪ್ಯಾನಿಶ್ ಅಂತ ಟಿಕ್ ಹಾಕಿತ್ತು.

ಮೇಡಂ ಎದ್ದು ಹೋಗಿ ಒಂದೂ ಅಕ್ಷರ ಇಲ್ಲದ ಚಿತ್ರದ ಪುಸ್ತಕ ತಂದ್ರು. ಬರೀ ಚಿತ್ರ. ನೀನು ಓದಿ ಹೇಳು, ನಿನ್ನ ಮಾತಲ್ಲೇ ಹೇಳು ಅಂದ್ರು. ಮೊದಲ ಎರಡು ಪುಟ ಬೆರಳಿಟ್ಟು ತೋರಿಸಿದ ಅಷ್ಟೇ. ಮೂರನೇ ಪುಟಕ್ಕೆ ಬಾಯಿ ಬಿಡ್ತು ನೋಡಿ, ಅಬ್ಬಾ, ಒಂದೇ ಸಮ ಕಿಚೆಯಲ್ಲಿ ಕಥೆ ಹೇಳ್ತಾ ಹೋದ, ನಮಗ್ಯಾರಿಗೂ ಒಂದು ಪದ ಅರ್ಥ ಆಗ್ತಿಲ್ಲ, ಆದ್ರೂ ಎಲ್ಲ ಮಕ್ಕಳೂ ಸುತ್ತ ಬಂದು ಕೂತು ಕೇಳ್ತಾ ಇದ್ರು. ಮೇಡಂ ಆವತ್ತೇ ಸಾಯಂಕಾಲ ಪ್ರಿನ್ಸಿಪಾಲ್ ಹತ್ರ ಹೋಗಿ, ಈ ಹುಡುಗನಿಗೆ ಯಾವ ತೊಂದರೆನೂ ಇಲ್ಲ, ಇವನು ಮೂರನೇ ಭಾಷೆ ಕಲೀತಿದಾನೆ ಅಂತ ಹೇಳಿ ಬಂದ್ರು. ಆ ಟೆಸ್ಟು ಅಲ್ಲಿಗೆ ನಿಂತೋಯ್ತು.

ಇದನ್ನ ಯಾವ ಸ್ಕ್ಯಾನರ್ ಮಾಡುತ್ತೆ ಹೇಳಿ ನನಗೆ.

ಟೆಕ್ಸಾಸಲ್ಲಿ ಸ್ಕೂಲ್ ಲೈಬ್ರರಿಯನ್ ಸರ್ಟಿಫಿಕೇಟ್ ಬೇಕಂದ್ರೆ ಮಾಸ್ಟರ್ಸ್ ಡಿಗ್ರಿ ಇರಬೇಕು, ಕ್ಲಾಸ್‌ರೂಮಲ್ಲಿ ಎರಡು ವರ್ಷ ಪಾಠ ಮಾಡಿರಬೇಕು, ಆಮೇಲೆ ಪರೀಕ್ಷೆ ಪಾಸಾಗಬೇಕು. ಅಂದ್ರೆ ಆಕೆ ಟೀಚರು, ಟೀಚರಿಗಿಂತ ಒಂದು ಮೆಟ್ಟಿಲು ಹೆಚ್ಚೇ ಓದಿದವರು. ಆದ್ರೂ ಆಫೀಸಲ್ಲಿ ಕೂತವರ ಕಣ್ಣಿಗೆ ಮಾತ್ರ ಪುಸ್ತಕ ಕಾಯೋ ಹೆಂಗಸು. 2011ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಲೇ ಆಫ್ ಪಟ್ಟಿ ಬಂದಾಗ ಸ್ಕೂಲ್ ಲೈಬ್ರರಿಯನ್‌ಗಳನ್ನ ಒಂದು ಬೇಸ್‌ಮೆಂಟಲ್ಲಿ ಕೂರಿಸಿ, ನೀವು ನಿಜಕ್ಕೂ ಪಾಠ ಮಾಡ್ತೀರಾ ಅಂತ ವಕೀಲರು ಪಾಟೀಸವಾಲು ಮಾಡಿದ್ರು. ಆ ಊರಿನ ಸರ್ಕಾರಿ ಶಾಲೆಗಳಲ್ಲೂ ಹೆಚ್ಚಿನವರು ಲ್ಯಾಟಿನೋ ಮಕ್ಕಳೇ. 2023ರಲ್ಲಿ ನಮ್ಮ ಹ್ಯೂಸ್ಟನ್ ಡಿಸ್ಟ್ರಿಕ್ಟನ್ನ ರಾಜ್ಯ ಸರ್ಕಾರ ವಹಿಸ್ಕೊಂಡಾಗ, ಸುಧಾರಣೆ ಅಂತ ಆರಿಸಿದ ಶಾಲೆಗಳಲ್ಲಿ ಲೈಬ್ರರಿಯನ್ ಕೆಲಸ ತೆಗೆದ್ರು, ಲೈಬ್ರರಿ ರೂಮನ್ನೇ ಕ್ಲಾಸಲ್ಲಿ ಗಲಾಟೆ ಮಾಡೋ ಮಕ್ಕಳನ್ನ ಕಳಿಸೋ ರೂಮಾಗಿ ಮಾಡಿದ್ರು, ಅಲ್ಲಿ ಕೂತು ಸ್ಕ್ರೀನ್ ಮೇಲೆ ಪಾಠ ನೋಡಬೇಕು. ಯೋಚನೆ ಮಾಡಿ, ಒಂದು ಮಗುವಿಗೆ ಪುಸ್ತಕದ ರೂಮು ಅಂದ್ರೆ ಶಿಕ್ಷೆಯ ರೂಮು ಅಂತ ತಲೇಲಿ ಕೂತ್ಬಿಟ್ರೆ ಆಮೇಲೆ ಅದನ್ನ ತೆಗೆಯೋರು ಯಾರು? ಈ ರಾಜ್ಯದ ಸರ್ಕಾರಿ ಶಾಲೆ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಲ್ಯಾಟಿನೋ. ಲೈಬ್ರರಿ ಮುಚ್ಚಿದ್ರೆ ಏಟು ಬೀಳೋದು ಯಾರಿಗೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಇದೆಲ್ಲ ನಿನ್ನೆ ಮೊನ್ನೆಯ ಕಥೆ ಅಂದ್ಕೋಬೇಡಿ. 1918ರಲ್ಲೇ ಟೆಕ್ಸಾಸಲ್ಲಿ ಶಾಲೆಯೊಳಗೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಪಾಠ ಮಾಡೋದನ್ನ ಅಪರಾಧ ಅಂತ ಕಾನೂನು ಮಾಡಿದ್ರು. ಸ್ಪ್ಯಾನಿಶ್ ಮಾತಾಡಿದ ಮಕ್ಕಳಿಗೆ ಪೆಟ್ಟು ಬೀಳ್ತಿತ್ತು. ಪಶ್ಚಿಮ ಟೆಕ್ಸಾಸಿನ ಮಾರ್ಫಾ ಊರಲ್ಲಿ ಬ್ಲ್ಯಾಕ್‌ವೆಲ್ ಅಂತ ಮೆಕ್ಸಿಕನ್ ಮೂಲದ ಮಕ್ಕಳಿಗೇ ಅಂತ ಇದ್ದ ಶಾಲೆ. 1954ರಲ್ಲಿ ಅಲ್ಲಿ ಮಕ್ಕಳ ಕೈಲಿ ಸ್ಪ್ಯಾನಿಶ್ ಪದಗಳನ್ನ ಚೀಟಿ ಮೇಲೆ ಬರೆಸಿ, ಪೆಟ್ಟಿಗೆಗೆ ಹಾಕಿಸಿ, ಅಂಗಳದಲ್ಲಿ ಗುಂಡಿ ತೋಡಿ ಹೂಳಿಸಿದ್ರು. ಮಿಸ್ಟರ್ ಸ್ಪ್ಯಾನಿಶ್ ಸತ್ತ ಅಂತ ಅಂತ್ಯಕ್ರಿಯೆ! ತಮ್ಮ ಮನೆ ಮಾತನ್ನ ತಮ್ಮ ಕೈಯಾರೆ ಮಣ್ಣು ಮಾಡಿದ ಮಕ್ಕಳು ಅವರು. ಈಗ ಆ ಶಾಲೆ ರಾಷ್ಟ್ರೀಯ ಐತಿಹಾಸಿಕ ತಾಣ, 2022ರಲ್ಲಿ ಕಾನೂನಾಯ್ತು. ಮೇಡಂ ಅಮ್ಮನೂ ಆ ಕಾಲದವರು, ಬೇರೆ ಊರಿನ ಶಾಲೆ. ಸ್ಪ್ಯಾನಿಶ್ ಆಡಿದ್ದಕ್ಕೆ ಹಲಗೆ ಪೆಟ್ಟು ತಿಂದವರು, ಅದಕ್ಕೇ ಮಕ್ಕಳ ಹತ್ರ ಬರೀ ಇಂಗ್ಲಿಷ್ ಆಡ್ತಿದ್ರಂತೆ. ಮೇಡಂ ತಮ್ಮದೇ ಅಜ್ಜಿ ಭಾಷೇನ ಕಾಲೇಜಲ್ಲಿ ಕೂತು ಕಲಿತವರು. ಈ ಮಾತು ನನಗೆ ಹೇಳಿದ್ದು ಒಂದು ಸಲ, ಪುಸ್ತಕಕ್ಕೆ ಪ್ಲಾಸ್ಟಿಕ್ ಕವರ್ ಅಂಟಿಸ್ತಾ, ತಲೆ ಎತ್ತದೇನೇ.

ಅವರ ಟೇಬಲ್ ಹಿಂದಿನ ಗೋಡೆ ಮೇಲೆ ಒಂದು ಕಪ್ಪುಬಿಳುಪು ಫೋಟೋ ಇತ್ತು. ಪುರಾ ಬೆಲ್ಪ್ರೆ ಅವರದ್ದು. 1921ರಲ್ಲಿ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಹಾರ್ಲೆಮ್‌ನ 135ನೇ ಬೀದಿ ಶಾಖೆಗೆ ಕೆಲಸಕ್ಕೆ ಸೇರಿದವರು, ಅಲ್ಲಿನ ಮೊದಲ ಪೋರ್ಟೊ ರಿಕನ್ (ಸ್ಪ್ಯಾನಿಶ್ ಆಡೋ ಕೆರಿಬಿಯನ್ ದ್ವೀಪದ) ಲೈಬ್ರರಿಯನ್. ಕಪಾಟಲ್ಲಿ ಊರೂರಿನ ಜಾನಪದ ಕಥೆ ಇತ್ತು, ಅವರ ಅಜ್ಜಿ ಹೇಳ್ತಿದ್ದ ಕಥೆ ಮಾತ್ರ ಇರಲಿಲ್ಲ. ಸರಿ, ತಾವೇ ಹೇಳೋಕೆ ಶುರು ಮಾಡಿದ್ರು, ಸ್ಪ್ಯಾನಿಶಲ್ಲೂ ಇಂಗ್ಲಿಷಲ್ಲೂ. ಮಾರ್ಟಿನಾ ಅನ್ನೋ ಜಿರಲೆ, ಪೆರೆಸ್ ಅನ್ನೋ ಇಲಿ, ಅವರ ಮದುವೆ. 1932ರಲ್ಲಿ ಅದು ಪುಸ್ತಕ ಆಯ್ತು. ಬೊಂಬೆ ಮಾಡಿ ಆಡಿಸಿದ್ರು, 115ನೇ ಬೀದಿ ಶಾಖೇಲಿ ಕ್ರಿಸ್‌ಮಸ್ ಆದ್ಮೇಲೆ ಬರೋ ಮೂರು ರಾಜರ ಹಬ್ಬ ಮಾಡಿಸಿದ್ರು, ಇದು ನಿಮ್ಮದೂ ಜಾಗ ಬನ್ನಿ ಅಂತ ತಾಯಂದಿರನ್ನ ಕರೆತಂದ್ರು. 1982ರಲ್ಲಿ ತೀರ್ಕೊಂಡ್ರು. ಅವರ ಹೆಸರಲ್ಲೇ 1996ರಿಂದ ಲ್ಯಾಟಿನೋ ಮಕ್ಕಳ ಪುಸ್ತಕಗಳಿಗೆ ಪದಕ ಕೊಡ್ತಾ ಇದಾರೆ. ಟೆಕ್ಸಾಸಿನ ಎಲ್ ಪಾಸೊದಲ್ಲಿ ಹುಟ್ಟಿದ ಲೇಖಕಿ ಪ್ಯಾಟ್ ಮೋರಾ ಅದೇ 1996ರಲ್ಲಿ, ಮೆಕ್ಸಿಕೊದ ಮಕ್ಕಳ ದಿನ ಏಪ್ರಿಲ್ 30ನ್ನ ಪುಸ್ತಕದ ದಿನವೂ ಮಾಡಿದ್ರು. ನಮ್ಮ ಮೇಡಂ ಪ್ರತಿ ವರ್ಷ ಆ ದಿನ ಒಂದೊಂದು ಮಗುವಿಗೂ ಮನೆಗೆ ತಗೊಂಡು ಹೋಗಿ ಇಟ್ಕೊಳ್ಳೋಕೆ ಒಂದು ಪುಸ್ತಕ ಕೊಡ್ತಿದ್ರು. ಅದಕ್ಕೆ ದುಡ್ಡು ಎಲ್ಲಿಂದ ಅಂತ ಕೇಳಿದ್ರೆ ಮಾತು ಬದಲಾಯಿಸ್ತಿದ್ರು, ಅರ್ಧ ಅವರ ಕೈಯಿಂದಲೇ ಅಂತ ನನಗೆ ಗೊತ್ತಿತ್ತು.

ಪುಸ್ತಕ ಹುಡುಕೋದೇ ಒಂದು ಕೆಲಸ, ಅದೂ ಜನಕ್ಕೆ ಗೊತ್ತಿಲ್ಲ. ವಿಸ್ಕಾನ್ಸಿನ್ ಯೂನಿವರ್ಸಿಟಿಯ ಮಕ್ಕಳ ಪುಸ್ತಕ ಕೇಂದ್ರದವರು ಪ್ರತಿ ವರ್ಷ ಲೆಕ್ಕ ಹಾಕ್ತಾರೆ. 2018ರ ಲೆಕ್ಕದಲ್ಲಿ ನೂರು ಮಕ್ಕಳ ಪುಸ್ತಕ ತಗೊಂಡ್ರೆ ಅದರಲ್ಲಿ ಲ್ಯಾಟಿನೋ ಮಗು ಮುಖ್ಯ ಪಾತ್ರವಾಗಿ ಇರೋದು 5. ಪ್ರಾಣಿಗಳು ಮತ್ತೆ ಇತರೆ ಅನ್ನೋ ಪಾತ್ರಗಳದ್ದು 27! ಈ ಐದರಲ್ಲಿ ಒಳ್ಳೇದನ್ನ ಆರಿಸಬೇಕು, ಸ್ಪ್ಯಾನಿಶ್ ಅನುವಾದ ಓದಿ ನೋಡಬೇಕು, ಮಕ್ಕಳು ಮನೇಲಿ ಆಡೋ ಥರ ಇದ್ಯಾ ಅಂತ. ಅದರ ಮೇಲೆ 2025ರಲ್ಲಿ ಬಂದ ಟೆಕ್ಸಾಸಿನ ಕಾನೂನು, ಸೆನೆಟ್ ಬಿಲ್ 13, ಶಾಲೆ ಲೈಬ್ರರಿಗೆ ಯಾವ ಪುಸ್ತಕ ಬರಬೇಕು ಅನ್ನೋದರಲ್ಲಿ ಸ್ಕೂಲ್ ಬೋರ್ಡಿನ ಕೈ ಇನ್ನೂ ಬಲ ಮಾಡಿದೆ. ಪಟ್ಟಿ ಹಾಕು, ಕಾಯಿ, ಒಪ್ಪಿಗೆ ತಗೋ. ಇದನ್ನೆಲ್ಲ ಗಂಟೆ ಲೆಕ್ಕದ ಸಹಾಯಕಿ ಮಾಡ್ತಾಳಾ? ಪಾಪ ಆಕೆ ತಪ್ಪೇನಿದೆ, ಆಕೆಗೆ ಆ ತರಬೇತಿನೂ ಇಲ್ಲ, ಆ ಸಂಬಳನೂ ಇಲ್ಲ, ಆ ಅಧಿಕಾರನೂ ಇಲ್ಲ.

ಮಕ್ಕಳಿಗೆ ಟ್ಯಾಬ್ ಕೊಟ್ಟಿದೀವಲ್ಲ, ಸಾವಿರಾರು ಪುಸ್ತಕ ಅದರಲ್ಲೇ ಇದೆ ಅಂತ ಆಫೀಸಿನವರು ಇವತ್ತೂ ಹೇಳಿದ್ರು. ಇದೆ, ಇಲ್ಲ ಅಂತ ಹೇಳಲ್ಲ. ನಾನು ಓದಿದ ಹೈಸ್ಕೂಲಲ್ಲೂ ಪುಸ್ತಕ ಇತ್ತು ಸ್ವಾಮಿ, ಹೆಡ್‌ಮಾಸ್ಟರ್ ರೂಮಿನ ಗಾಜಿನ ಬೀರುವಲ್ಲಿ, ಬೀಗ ಹಾಕಿ. ಇನ್ಸ್‌ಪೆಕ್ಟರ್ ಬಂದಾಗ ಧೂಳು ಒರೆಸ್ತಿದ್ರು. ಗಾಜಿನಾಚೆಯಿಂದ ಬೆನ್ನಿನ ಮೇಲಿನ ಹೆಸರು ಓದಿದ್ದಷ್ಟೇ ನಮ್ಮ ಭಾಗ್ಯ. ಕರ್ನಾಟಕದ ಸರ್ಕಾರಿ ಶಾಲೇಲಿ ಓದಿದ ನಿಮ್ಮಲ್ಲಿ ಅರ್ಧ ಜನಕ್ಕೆ ಆ ಬೀರು ಗೊತ್ತು. ಪುಸ್ತಕ ಇರೋದು ಬೇರೆ, ಪುಸ್ತಕ ಮಗುವಿನ ಕೈಗೆ ಬರೋದು ಬೇರೆ. ಎರಡರ ಮಧ್ಯೆ ಒಬ್ಬ ಮನುಷ್ಯ ಬೇಕು, ಆ ಮಗುವನ್ನೂ ಬಲ್ಲ ಆ ಪುಸ್ತಕವನ್ನೂ ಬಲ್ಲ ಮನುಷ್ಯ.

ಮನೆ ಭಾಷೇಲಿ ಓದಿಸಿದ್ರೆ ಇಂಗ್ಲಿಷ್ ಹಿಂದೆ ಬೀಳುತ್ತೆ ಅನ್ನೋದು ಇನ್ನೊಂದು ವಾದ. 2006ರಲ್ಲಿ ನ್ಯಾಷನಲ್ ಲಿಟರಸಿ ಪ್ಯಾನೆಲ್ ಅನ್ನೋ ಇಲ್ಲಿನ ತಜ್ಞರ ಸಮಿತಿ ಅದುವರೆಗಿನ ಸಂಶೋಧನೆಗಳನ್ನ ಒಟ್ಟು ಹಾಕಿ ನೋಡಿ, ಮನೆ ಭಾಷೇಲಿ ಓದು ಬಂದ್ರೆ ಇಂಗ್ಲಿಷ್ ಓದಿಗೂ ಅದು ಅನುಕೂಲ ಅಂತಲೇ ಹೇಳಿದೆ. ಮುಗೀತು. ಇದರ ಬಗ್ಗೆ ನಾನು ಇನ್ನೂ ವಾದ ಮಾಡಲ್ಲ.

ಆದ್ರೆ ನನಗೆ ನಿಜವಾಗಿ ಹೊಟ್ಟೆ ಉರಿಸಿದ್ದು ಮೂರನೇದು, ಅದು ಬಂದಿದ್ದು ನಮ್ಮವರಿಂದಲೇ. ಇಲ್ಲಿನ ಕನ್ನಡದವರ ವಾಟ್ಸಾಪ್ ಗ್ರೂಪಲ್ಲಿ ಸಾಯಂಕಾಲ ಈ ವಿಷಯ ಹಾಕಿದೆ. ಒಬ್ಬರು ಬರೀತಾರೆ, ಅವರಲ್ಲಿ ಓದೋ ಸಂಸ್ಕೃತಿನೇ ಇಲ್ಲ, ತಂದೆ ತಾಯಿಗೇ ಇಂಟ್ರೆಸ್ಟ್ ಇಲ್ಲ, ಲೈಬ್ರರಿಯನ್ ಇದ್ದು ಏನು ಮಾಡ್ತಾರೆ ಅಂತ. ಅದಕ್ಕೆ ನಾಲ್ಕು ಥಂಬ್ಸ್ ಅಪ್ ಬೇರೆ.

ಅಣ್ಣಾ, ನೀವು ಇದನ್ನ ಓದ್ತೀರಾ ಅಂತ ಗೊತ್ತು, ಅದಕ್ಕೆ ಇಲ್ಲೇ ಹೇಳ್ತೀನಿ. ಆಲಿಕಲ್ಲು ಮಳೆ ಬಂದು ನಿಮ್ಮನೆ ರೂಫ್ ಹೋದಾಗ ಸುಡೋ ಬಿಸಿಲಲ್ಲಿ ಮೇಲೆ ಹತ್ತಿ ಹೊಸ ರೂಫ್ ಹಾಕಿದ್ದು ಯಾರು? ನಿಮ್ಮ ಆಫೀಸು ರಾತ್ರಿ ಗುಡಿಸೋರು ಯಾರು? ಆ ತಾಯಂದಿರು ಎರಡು ಶಿಫ್ಟ್ ನಡುವೆ ಯೂನಿಫಾರ್ಮಲ್ಲೇ ಲೈಬ್ರರಿಗೆ ಬರೋದನ್ನ ನಾನು ನೋಡಿದೀನಿ. ಗಾರೆ ಮೆತ್ತಿದ ಬೂಟು ಬಾಗಿಲಲ್ಲಿ ಬಿಚ್ಚಿಟ್ಟು ಒಳಗೆ ಬಂದು, ಮಗಳು ಓದೋದನ್ನ ಕೈ ಕಟ್ಟಿ ನಿಂತು ಕೇಳೋ ಅಪ್ಪಂದಿರನ್ನ ನೋಡಿದೀನಿ. ಶಾಲೆ ಹತ್ರ ಇಮಿಗ್ರೇಶನ್ ಅಧಿಕಾರಿಗಳು ಸಾಮಾನ್ಯವಾಗಿ ಬರಬಾರದು ಅಂತ ಇದ್ದ ನಿಯಮ 2025ರ ಜನವರಿಯಲ್ಲಿ ತೆಗೆದ ಮೇಲೆ ಅದರಲ್ಲಿ ಕೆಲವರು ಬರೋದು ನಿಲ್ಲಿಸಿದ್ರು. ಇಂಟ್ರೆಸ್ಟ್ ಇಲ್ಲದೆ ಅಲ್ಲ, ಭಯಕ್ಕೆ. ಪೇಪರ್ಸ್ ಇಲ್ಲದ ಮಗುವಿಗೂ ಸರ್ಕಾರಿ ಶಾಲೇಲಿ ಓದೋ ಹಕ್ಕಿದೆ ಅಂತ 1982ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಈ ಟೆಕ್ಸಾಸಿನ ಟೈಲರ್ ಊರಿನ ಮಕ್ಕಳ ಕೇಸಲ್ಲೇ. ಹಕ್ಕು ಇದೆ, ಆದ್ರೆ ಹೆದರಿದ ತಾಯಿಗೆ ಅದನ್ನ ಅವಳ ಭಾಷೇಲಿ ಕೂತು ಹೇಳೋರು ಬೇಕಲ್ಲ. ಮೇಡಂ ಹೇಳ್ತಿದ್ರು. ಪುಸ್ತಕ ಕಳೆದು ಹೋದ್ರೆ ದಂಡ ಕಟ್ಟಬೇಕಾಗುತ್ತೆ ಅಂತ ಎಷ್ಟೋ ಮನೆಯವರು ಪುಸ್ತಕ ತಗೊಳ್ಳೋದೇ ಬೇಡ ಅಂತಿದ್ರು, ಅಂಥವರ ದಂಡವನ್ನೆಲ್ಲ ಆಕೆ ಒರೆಸಿ ಹಾಕ್ತಿದ್ರು.

ಓದೋ ಸಂಸ್ಕೃತಿ ಅಂದ್ರಲ್ಲ. ನಮ್ಮಮ್ಮ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟೋರು. ನಮ್ಮನೇಲಿ ಇದ್ದ ಪುಸ್ತಕ ಅಂದ್ರೆ ಒಂದು ಪಂಚಾಂಗ. ಹಾಗಾದ್ರೆ ನನಗೂ ಸಂಸ್ಕೃತಿ ಇರಲಿಲ್ವಾ? ಇದನ್ನ ಇಲ್ಲಿನ ಸ್ನೇಹಿತರ ಮುಂದೆ ನಾನು ಯಾವತ್ತೂ ಹೇಳಿರಲಿಲ್ಲ, ಇವತ್ತು ಹೇಳ್ತಿದೀನಿ, ಯಾಕಂದ್ರೆ ಸಿಟ್ಟು ಬಂದಿದೆ.

ಅಮ್ಮ ಇಲ್ಲಿಗೆ ಬಂದಿದ್ದಾಗ ಒಂದು ಸಂಜೆ ಲೈಬ್ರರಿಗೆ ಕರ್ಕೊಂಡು ಹೋಗಿದ್ದೆ, ಮನೆಮಂದಿಯೆಲ್ಲ ಕೂತು ಓದೋ ಕಾರ್ಯಕ್ರಮ. ಮೇಡಂ ಲೈಟ್ ಕಮ್ಮಿ ಮಾಡಿ ಲಾ ಯೊರೋನಾ ಕಥೆ ಹೇಳಿದ್ರು, ತನ್ನ ಮಕ್ಕಳನ್ನ ತಾನೇ ಹೊಳೆಗೆ ಹಾಕಿ ಆಮೇಲೆ ರಾತ್ರಿ ಹೊತ್ತು ಅಳ್ತಾ ಹುಡುಕ್ತಾ ತಿರುಗೋ ಹೆಂಗಸಿನ ಕಥೆ, ಮೆಕ್ಸಿಕೊದ ಪ್ರತಿ ಅಜ್ಜಿಗೂ ಗೊತ್ತಿರೋದು. ಅಮ್ಮಂಗೆ ಸ್ಪ್ಯಾನಿಶೂ ಇಲ್ಲ ಇಂಗ್ಲಿಷೂ ಇಲ್ಲ, ಆದ್ರೂ ಕಣ್ಣು ಮಿಟುಕಿಸದೆ ಕೂತಿದ್ರು. ಮುಗಿದ ಮೇಲೆ, ನಮ್ಮೂರಲ್ಲೂ ಒಬ್ಬಳು ಬರ್ತಿದ್ಲು ಕಣೇ, ಹೇಳು ಅವರಿಗೆ ಅಂದ್ರು. ನಾಳೆ ಬಾ ಕಥೆ! ರಾತ್ರಿ ಬಾಗಿಲು ತಟ್ಟೋ ದೆವ್ವ, ನಮಗೆ ಬೇಕಾದವರ ದನೀಲೇ ಕೂಗುತ್ತೆ, ಅದಕ್ಕೆ ಬಾಗಿಲ ಮೇಲೆ ನಾಳೆ ಬಾ ಅಂತ ಬರೀತಿದ್ವಲ್ಲ. ಅಮ್ಮ ಕನ್ನಡದಲ್ಲಿ ಹೇಳೋದು, ನಾನು ಇಂಗ್ಲಿಷಿಗೆ ತರೋದು, ಮೇಡಂ ಅದನ್ನ ಸ್ಪ್ಯಾನಿಶ್ ಮಾಡೋದು, ಕೊನೇಲಿ ಕೂತ ಅಜ್ಜಿಯೊಬ್ಬರು ಎದೆ ಮೇಲೆ ಶಿಲುಬೆ ಗುರುತು ಹಾಕ್ಕೊಳ್ಳೋದು. ಮಕ್ಕಳು ಕಿರುಚಿದ್ದೇ ಕಿರುಚಿದ್ದು. ಮಾರನೇ ದಿನ ಲೈಬ್ರರಿ ಬಾಗಿಲ ತುಂಬಾ ಚೀಟಿ, ನಾಳೆ ಬಾ ಅಂತ ಸ್ಪ್ಯಾನಿಶಲ್ಲಿ ಇಂಗ್ಲಿಷಲ್ಲಿ, ಸೊಟ್ಟಪಟ್ಟ ಅಕ್ಷರ. ಪೆನ್ಸಿಲ್ ಹಿಡಿಯೋಕೆ ಅಳ್ತಿದ್ದ ಒಂದನೇ ಕ್ಲಾಸಿನವರೂ ಬರೆದಿದ್ರು. ಮೇಡಂ ದೆವ್ವದ ಕಥೆ ಪುಸ್ತಕಗಳನ್ನೆಲ್ಲ ಒಂದು ಬುಟ್ಟಿಗೆ ಹಾಕಿ ಬಾಗಿಲ ಪಕ್ಕದಲ್ಲೇ ಇಟ್ರು. ಆ ವಾರ ಬುಟ್ಟಿ ಖಾಲಿ. ಆ ಪುಸ್ತಕದ ಬೆನ್ನಿಗೆ ಓದಿನ ಮಟ್ಟ ತೋರಿಸೋ ಯಾವ ಬಣ್ಣದ ಲೆವೆಲ್ ಸ್ಟಿಕರ್ ಇದೆ, ನಿನ್ನ ಲೆವೆಲ್ ಯಾವುದು ಅಂತ ಆಕೆ ಒಬ್ಬರನ್ನೂ ಕೇಳಲಿಲ್ಲ. ಕಷ್ಟದ ಪುಸ್ತಕ ಆದ್ರೂ ಬೇಕು ಅಂತ ಅನ್ನಿಸಿದ್ರೆ ಮಗು ಓದೇ ಓದುತ್ತೆ ಅನ್ನೋರು.

ಟೋಮಾಸ್ ರಿವೇರಾ ಅಂತ ಒಬ್ಬರಿದ್ರು. 1935ರಲ್ಲಿ ಟೆಕ್ಸಾಸಿನ ಕ್ರಿಸ್ಟಲ್ ಸಿಟಿಯಲ್ಲಿ ಹುಟ್ಟಿದವರು, ಬೆಳೆ ಕೀಳೋಕೆ ಊರೂರು ಅಲೆಯೋ ಕೂಲಿ ಕುಟುಂಬ. ಐಯೋವಾ ರಾಜ್ಯಕ್ಕೆ ಕೆಲಸಕ್ಕೆ ಹೋದಾಗ ಅಲ್ಲಿನ ಒಬ್ಬ ಲೈಬ್ರರಿಯನ್ ಆ ಹುಡುಗನನ್ನ ಒಳಗೆ ಕರೆದು ಪುಸ್ತಕ ಕೊಟ್ರು. ಆ ಹುಡುಗ ಬರಹಗಾರ ಆದ್ರು, 1979ರಲ್ಲಿ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ರಿವರ್‌ಸೈಡ್ ಕ್ಯಾಂಪಸ್ಸಿಗೆ ಚಾನ್ಸೆಲರ್ ಆದ್ರು. ಎಲ್ಲ ಮಕ್ಕಳೂ ಚಾನ್ಸೆಲರ್ ಆಗಲ್ಲ, ಆಗಬೇಕಾಗೂ ಇಲ್ಲ. ಇವತ್ತು ಕೇಕ್ ಹಂಚ್ತಿದ್ದ ಹುಡುಗಿ ಒಬ್ಬಳು ಡೆಂಟಲ್ ಕ್ಲಿನಿಕ್ಕಲ್ಲಿ ಕೆಲಸ ಮಾಡ್ತಾಳೆ, ಚಿಕ್ಕವಳಿದ್ದಾಗ ಮಿಸ್ ಹತ್ರ ಓದೋಕೆ ಕಲಿತೆ, ಮನೆಗೆ ಹೋಗಿ ನಮ್ಮಮ್ಮಂಗೆ ನಾನೇ ಕಲಿಸಿದೆ ಅಂದ್ಲು. ಆಫೀಸಿನವರು ಅಷ್ಟೊತ್ತಿಗೆ ಕಾರ್ ಹತ್ತಿ ಹೋಗಿದ್ರು.

ಸ್ಕೂಲ್ ಬೋರ್ಡ್ ಮೀಟಿಂಗ್ ಮುಂದಿನ ವಾರ ಇದೆ, ಸಾರ್ವಜನಿಕರು ಮೊದಲೇ ಹೆಸರು ಕೊಟ್ರೆ ಮಾತಾಡಬಹುದು. ನಾನು ಕೊಟ್ಟಿದೀನಿ. ಆ ಕಿಚೆ ಹುಡುಗನ ವಿಷಯ ಅಲ್ಲಿ ಹೇಳ್ತೀನಿ, ಹೆಸರು ಹೇಳದೆ. ಆಗಸ್ಟಲ್ಲಿ ಅಂಥ ಇನ್ನೊಬ್ಬ ಬಂದ್ರೆ ಅವನ ಪಕ್ಕ ನೆಲದ ಮೇಲೆ ಕೂರೋರು ಯಾರು ಅಂತ ಕೇಳ್ತೀನಿ, ಉತ್ತರ ಕೊಡೋವರೆಗೂ ಪ್ರತಿ ಮೀಟಿಂಗಿಗೂ ಹೋಗಿ ಕೇಳ್ತೀನಿ. ನಮ್ಮ ಡಿಸ್ಟ್ರಿಕ್ಟಲ್ಲಿ ಇರೋ ಕನ್ನಡದವರು, ನಿಮ್ಮ ಮಕ್ಕಳು ಆ ಶಾಲೇಲಿ ಓದದೇ ಇದ್ರೂ ಬನ್ನಿ, ಟ್ಯಾಕ್ಸ್ ನೀವೂ ಕಟ್ತೀರ. ಥಂಬ್ಸ್ ಅಪ್ ಹಾಕಿದ ನಾಲ್ಕೂ ಜನ ಖಂಡಿತ ಬನ್ನಿ. ಮೀಟಿಂಗ್ ಸಂಜೆ ಏಳಕ್ಕೆ, ಗ್ರೂಪಲ್ಲಿ ವಿಳಾಸ ಹಾಕಿರ್ತೀನಿ, ಕಾರಲ್ಲಿ ಮೂವರಿಗೆ ಜಾಗ ಇದೆ.